ಕಿಟ್ಟೆಲ್ ಅನ್ನುವ ಅಡ್ಡಹೆಸರು ಎಲ್ಲಿಂದ ಬಂತು?

ಪ್ರಶ್ನೆ: ಕನ್ನಡಕ್ಕೆ ದೊಡ್ಡ ನಿಘಂಟು ಕೊಟ್ಟ ಫರ್ಡಿನೆಂಡ್ ಕಿಟ್ಟೆಲ್ ಅವರ ಅಡ್ಡಹೆಸರಿಗೆ ಏನಾದರೂ ಅರ್ಥ ಇದೆಯಾ? ನೀರು ಕಾಸುವ ಕೆಟಲ್‌ಗೂ ಅದಕ್ಕೂ ನಂಟಿದೆಯಾ? ಕಿಟ್ಟೆಲ್ ಅನ್ನುವವರೆಲ್ಲ ಒಂದೇ ಮನೆತನದವರಾ?

ಉತ್ತರ: ಅರ್ಥ ಇದೆ. ಕಿಟ್ಟೆಲ್ ಅಂದರೆ ಸಡಿಲವಾದ ನಿಲುವಂಗಿ. ಹಿಂದೆ ಜರ್ಮನಿಯ ರೈತರು, ಕೂಲಿಯವರು ಕೆಲಸದ ಹೊತ್ತಿನಲ್ಲಿ ಒರಟು ಬಟ್ಟೆಯ ಇಂಥ ಅಂಗಿ ತೊಡುತ್ತಿದ್ದರು. ಪದ ಇಂದಿಗೂ ಬಳಕೆಯಲ್ಲಿದೆ. ಡಾಕ್ಟರು, ಲ್ಯಾಬಿನವರು ಹಾಕುವ ಬಿಳಿ ಕೋಟಿಗೂ ಅಲ್ಲಿ ಕಿಟ್ಟೆಲ್ ಅಂತಲೇ ಹೇಳುತ್ತಾರೆ. ಕೆಟಲ್‌ಗೆ ನಂಟಿಲ್ಲ. ಅದರ ಜರ್ಮನ್ ಬಳಗದ ಪದ ಕೆಸ್ಸೆಲ್. ಆ ಪದದಿಂದ ಬಂದದ್ದು ಕೆಸ್ಲರ್ ಎಂಬ ಅಡ್ಡಹೆಸರು, ಅಂದರೆ ತಾಮ್ರದ ಪಾತ್ರೆ ಮಾಡುವವನು.

ಅಂಗಿ ಹೆಸರಾದದ್ದು ಹೇಗೆ? ಸುಮಾರು 12ನೇ ಶತಮಾನದಿಂದ ಜರ್ಮನ್ ಪಟ್ಟಣಗಳು ಬೆಳೆದವು. ಒಂದೇ ಊರಲ್ಲಿ ಹಲವರು ಯೋಹಾನ್, ಹಲವರು ಹೈನ್‌ರಿಖ್. ಯಾರು ಯಾರು ಅಂತ ಗುರುತಿಸಲು ಕಸುಬು, ಊರು, ಅಪ್ಪನ ಹೆಸರು, ಇಲ್ಲವೇ ಕಣ್ಣಿಗೆ ಬೀಳುವ ಯಾವುದಾದರೂ ಗುರುತು ಸೇರಿಸಿದರು. ಸದಾ ಆ ಅಂಗಿಯಲ್ಲೇ ಓಡಾಡುವವನು ಕಿಟ್ಟೆಲ್ ಆದ. ಅದನ್ನು ಹೊಲಿದು ಮಾರುವವನೂ ಕಿಟ್ಟೆಲ್ ಆದ. ನಿಧಾನವಾಗಿ ಅದು ಮಕ್ಕಳಿಗೆ, ಮೊಮ್ಮಕ್ಕಳಿಗೆ ಉಳಿಯಿತು.

ನನಗೆ ಜಾಸ್ತಿ ಕುತೂಹಲ ಇರುವುದು ಇನ್ನೊಂದು ಸಂಗತಿಯ ಬಗ್ಗೆ. ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ, ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ಅದು ಉತ್ತರದ ಕಡಲಂಚಿನ ಓಸ್ಟ್‌ಫ್ರೀಸ್‌ಲಾಂಡ್ ಸೀಮೆ. ಆ ಸೀಮೆಯ ಹೆಚ್ಚಿನ ಮನೆಗಳಲ್ಲಿ ಅಡ್ಡಹೆಸರು ಸ್ಥಿರವಾಗಿ ಇರುತ್ತಿರಲಿಲ್ಲ. ಅಪ್ಪ ಯಾನ್ ಆದರೆ ಮಗ ಯಾನ್ಸೆನ್. ಮುಂದಿನ ತಲೆಮಾರಿಗೆ ಹೆಸರು ಮತ್ತೆ ಬದಲು. ನಮ್ಮಲ್ಲೂ ಅಪ್ಪನ ಹೆಸರೇ ಇನಿಷಿಯಲ್ ಆಗುತ್ತದಲ್ವಾ, ಹಾಗೆ. ಪ್ರತಿ ಮನೆಯವರೂ ಒಂದು ಅಡ್ಡಹೆಸರು ಇಟ್ಟುಕೊಳ್ಳಲೇಬೇಕು ಅಂತ ನೆಪೋಲಿಯನ್ ಆಳ್ವಿಕೆ 1811ರಲ್ಲಿ ಆಜ್ಞೆ ಮಾಡಿತು. ಹಾಗಿದ್ದರೂ ಹಳೆಯ ರೂಢಿ ಬಹಳ ವರ್ಷ ಮುಂದುವರಿಯಿತು. ಕಿಟ್ಟೆಲ್ ಆ ಬಗೆಯ ಹೆಸರಲ್ಲ. ಅದು ಜಾಸ್ತಿ ಕಾಣುವುದು ಸ್ಯಾಕ್ಸನಿ, ತುರಿಂಗಿಯಾ ಕಡೆ. ಫರ್ಡಿನೆಂಡರ ತಂದೆ ಚರ್ಚಿನ ಪಾದ್ರಿ. ಪಾದ್ರಿಗಳು ಕೆಲಸಕ್ಕಾಗಿ ಊರೂರು ಬದಲಿಸುವುದು ಸಾಮಾನ್ಯ. ಹಾಗಾಗಿ ಈ ಮನೆತನದ ಬೇರು ಹೊರಗಿನದು ಅಂತ ನನ್ನ ಅಂದಾಜು.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಉತ್ತರ ಕರ್ನಾಟಕದ ಬಡಿಗೇರರೆಲ್ಲ ಹೇಗೆ ನೆಂಟರಲ್ಲವೋ, ಕಿಟ್ಟೆಲ್‌ಗಳೂ ಹಾಗೇ. ಬೇರೆ ಬೇರೆ ಊರುಗಳಲ್ಲಿ ಈ ಹೆಸರು ತಾನಾಗಿ ಹುಟ್ಟಿದೆ. ಇಬ್ಬರು ಕಿಟ್ಟೆಲ್‌ಗಳು ನೆಂಟರೋ ಅಲ್ಲವೋ ಅಂತ ತಿಳಿಯಲು ಹೆಸರಿನ ಅರ್ಥ ಸಾಲದು. ಹುಟ್ಟು, ಮದುವೆ, ಸಾವು ಬರೆದಿಟ್ಟ ಚರ್ಚಿನ ಹಳೆಯ ದಾಖಲೆಗಳನ್ನೇ ನೋಡಬೇಕು.