ಹವಳದ ತೊಟ್ಟಿ ಕೊಳ್ಳುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವು ವಿಜಯನಗರದ ಅಪಾರ್ಟ್‌ಮೆಂಟೊಂದರ ಎರಡನೆಯ ಮಹಡಿಯಲ್ಲಿದ್ದೇವೆ. ಸಿಹಿನೀರಿನ ಮೀನು ಸಾಕಿ ಅಭ್ಯಾಸವಿದೆ. ಈಗ ಹಾಲಿನಲ್ಲಿ ಕಡಲ ಮೀನು, ಹವಳಗಳಿರುವ ದೊಡ್ಡ ಅಕ್ವೇರಿಯಂ ಇಡಬೇಕೆಂಬ ಆಸೆ. ಐದು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ ಸಾಕೆಂದು ನಮ್ಮ ಲೆಕ್ಕ. ಅಂಗಡಿಯವರು ಎತ್ತರ ಎರಡೂವರೆ ಅಡಿ ಇದ್ದರೇ ಚೆಂದ ಎನ್ನುತ್ತಾರೆ. ಯಾವುದು ಸರಿ? ತೊಟ್ಟಿಯನ್ನು ಮಾಡಿಸುವಾಗ ಏನೇನು ಗಮನಿಸಬೇಕು?
– ಓದುಗ ದಂಪತಿ, ವಿಜಯನಗರ

ಉತ್ತರ: ನಿಮ್ಮ ಲೆಕ್ಕವೇ ಸರಿ. ಗಾಜಿನ ಮೇಲೆ ನೀರಿನ ಒತ್ತಡ ಹೆಚ್ಚುವುದು ಎತ್ತರದಿಂದಲೇ ಹೊರತು ಉದ್ದದಿಂದಲ್ಲ. ಅರ್ಧ ಅಡಿ ಎತ್ತರ ಕೂಡಿದರೆ ಇನ್ನೂ ದಪ್ಪನೆಯ ಗಾಜು ಬೇಕು, ತಳದವರೆಗೆ ಬೆಳಕು ಮುಟ್ಟಿಸಲು ಇನ್ನೂ ಪ್ರಖರವಾದ ದೀಪ ಬೇಕು, ಮೇಲಾಗಿ ತಳದಲ್ಲಿ ಬಿದ್ದ ಹವಳದ ತುಂಡೊಂದನ್ನು ಎತ್ತಿಡಲು ತೋಳು ಸಾಲುವುದಿಲ್ಲ. ಹವಳಗಳಿಗೆ ಬೇಕಾದದ್ದು ಆಳಕ್ಕಿಂತ ಹೆಚ್ಚಾಗಿ ಅಗಲ. ಕಲ್ಲುಗಳನ್ನು ಇಳಿಜಾರಾಗಿ ಜೋಡಿಸಿ, ಹಿಂದೆ ಮುಂದೆ ನೀರು ಸರಾಗವಾಗಿ ಹರಿಯುವಂತೆ ಬಿಡಲು ಎರಡು ಅಡಿ ಅಗಲ ಬೇಕೇ ಬೇಕು. ಜಾಗವೂ ಹಣವೂ ಇನ್ನೂ ಇದ್ದರೆ ಅಗಲವನ್ನು ಎರಡೂವರೆ ಅಡಿಗೆ ಏರಿಸಿ, ಎತ್ತರವನ್ನಲ್ಲ.

ಹವಳದ ತೊಟ್ಟಿಯ ಮಟ್ಟಿಗೆ ನಾನು ಎಲ್ಲರಿಗೂ ಹೇಳುವುದು ಒಂದೇ: ನೀರು ತುಂಬಿದ ಮೇಲೆ ಬದಲಾಯಿಸಲಾಗದ ಸಂಗತಿಗಳಿಗೆ ನಿಮ್ಮ ವಿವೇಚನೆಯನ್ನೂ ಹಣವನ್ನೂ ಮೊದಲು ಮೀಸಲಿಡಿ. ಇಡುವ ಜಾಗ, ಸ್ಟ್ಯಾಂಡು, ಗಾಜಿನ ಬೆಸುಗೆ, ಗಾಜಿನಲ್ಲಿ ಕೊರೆಸುವ ರಂಧ್ರ ಇವು ಆ ಪಟ್ಟಿಯಲ್ಲಿ ಬರುತ್ತವೆ. ದೀಪ, ಪಂಪು, ನೀರಿನ ಕೊಳೆಯನ್ನು ನೊರೆಯಾಗಿ ಹೊರತೆಗೆಯುವ ಸ್ಕಿಮ್ಮರ್‌ಗಳನ್ನು ಮುಂದೆ ಎಂದಾದರೂ ಬದಲಿಸಬಹುದು.

ಜಾಗದ ಮಾತು ಮೊದಲು. ನೀವು ಹೇಳುವ ಅಳತೆಯ ತೊಟ್ಟಿಯಲ್ಲಿ ಸುಮಾರು 565 ಲೀಟರ್ ನೀರು ಹಿಡಿಯುತ್ತದೆ. ಸಮುದ್ರದ ನೀರಾದ್ದರಿಂದ ಅದರ ತೂಕ 580 ಕೆ.ಜಿ. ಆಗುತ್ತದೆ. 12 ಮಿ.ಮೀ. ಗಾಜಿನ ತೂಕವೇ ನೂರು ಕೆ.ಜಿ. ದಾಟುತ್ತದೆ. ಕಲ್ಲು, ಮರಳು, ಸ್ಟ್ಯಾಂಡು, ಸ್ಟ್ಯಾಂಡಿನೊಳಗೆ ಇಡುವ ಸಂಪ್ ಎಂಬ ಎರಡನೆಯ ತೊಟ್ಟಿಯ ನೀರು ಎಲ್ಲವನ್ನೂ ಕೂಡಿದರೆ ಒಂದು ಟನ್ನಿಗೆ ಹತ್ತಿರದ ಭಾರ ಹತ್ತು ಚದರ ಅಡಿಯ ಮೇಲೆ ವರ್ಷಗಟ್ಟಲೆ ಕೂರುತ್ತದೆ. ನಮ್ಮ ದೇಶದ ಮಾನದಂಡವಾದ ಐಎಸ್ 875ರ ಎರಡನೆಯ ಭಾಗದ ಪ್ರಕಾರ ವಾಸದ ಕೋಣೆಯ ನೆಲವನ್ನು ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕೆ.ಜಿ. ಬಳಕೆಯ ಭಾರಕ್ಕೆ ವಿನ್ಯಾಸ ಮಾಡುತ್ತಾರೆ. ಅದು ಇಡೀ ಕೋಣೆಗೆ ಹರಡಿದ ಲೆಕ್ಕ. ನಿಮ್ಮ ತೊಟ್ಟಿಯ ಅಡಿಯಲ್ಲಿ ಅದರ ನಾಲ್ಕೈದು ಪಟ್ಟು ಭಾರ ಒಂದೇ ಕಡೆ ಬೀಳುತ್ತದೆ. ಇದರಿಂದ ನೆಲ ಕುಸಿದೇಬಿಡುತ್ತದೆ ಎಂದು ಅರ್ಥವಲ್ಲ. ತೊಟ್ಟಿಯನ್ನು ಕೋಣೆಯ ನಡುವೆ ಇಡದೆ, ಕೆಳಗೆ ಬೀಮ್ ಹಾದುಹೋಗುವ ಗೋಡೆಯ ಬದಿಗೆ, ಸಾಧ್ಯವಾದರೆ ಕಂಬದ ಹತ್ತಿರ ಇಡಬೇಕು. ಬೀಮ್ ಎಲ್ಲಿದೆಯೆಂದು ಊಹಿಸಬಾರದು. ಬಿಲ್ಡರ್ ಬಳಿಯ ರಚನಾ ನಕ್ಷೆಯನ್ನು ಪಡೆದು, ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ಶುಲ್ಕ ಕೊಟ್ಟು ಲಿಖಿತ ಅಭಿಪ್ರಾಯ ತೆಗೆದುಕೊಳ್ಳಿ. ಕೆಳಗಿನ ಮನೆಯಲ್ಲೂ ಒಂದು ಸಂಸಾರವಿದೆ ಎಂಬುದನ್ನು ನೆನೆದರೆ ಆ ಶುಲ್ಕ ದೊಡ್ಡದೆನಿಸದು. ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಮನೆಗಳಲ್ಲಿ ಮರದ ತೊಲೆಗಳ ಮದ್ರಾಸ್ ತಾರಸಿಯ ಮೇಲಿನ ಮಹಡಿಯಲ್ಲಿ ಇಂಥ ತೊಟ್ಟಿಯ ಯೋಚನೆಯನ್ನೇ ಮಾಡಬಾರದು.

ಗಾಜಿಗೆ ಬರೋಣ. ಈ ಅಳತೆಗೆ 12 ಮಿ.ಮೀ. ಗಾಜು ಇರಲಿ, ಮೇಲಂಚಿನ ಸುತ್ತ ಒಳಮುಖವಾಗಿ ಗಾಜಿನ ಪಟ್ಟಿ ಕೂರಿಸಲಿ. ಸಾಮಾನ್ಯ ಗಾಜು ಹಸಿರು ಛಾಯೆ ಕೊಡುತ್ತದೆ. ಮುಂದಿನ ಗಾಜನ್ನಾದರೂ ಕಬ್ಬಿಣಾಂಶ ಕಡಿಮೆಯಿರುವ ಎಕ್ಸ್‌ಟ್ರಾ ಕ್ಲಿಯರ್ ಗಾಜಿನಲ್ಲಿ ಮಾಡಿಸಿದರೆ ಹವಳದ ಬಣ್ಣ ಇದ್ದ ಹಾಗೇ ಕಾಣುತ್ತದೆ. ತೊಟ್ಟಿ ಸಿದ್ಧವಾದಾಗ ಕಾರ್ಖಾನೆಗೇ ಹೋಗಿ, ಮೊಬೈಲಿನ ಟಾರ್ಚನ್ನು ಗಾಜಿಗೆ ಒತ್ತಿ ಹಿಡಿದು, ಪ್ರತಿ ಬೆಸುಗೆಯನ್ನೂ ಮೇಲಿನಿಂದ ಕೆಳಗಿನವರೆಗೆ ನೋಡುತ್ತಾ ಬನ್ನಿ. ಎರಡು ಗಾಜು ಕೂಡುವ ಅಂಚಿನ ನಡುವಿನ ಸಿಲಿಕೋನ್ ಒಂದೇ ದಪ್ಪದಲ್ಲಿ, ಒಂದೇ ಬಣ್ಣದಲ್ಲಿ ಕಾಣಬೇಕು. ಅಲ್ಲಿ ಬೆಳ್ಳಗೆ ಹೊಳೆಯುವ ಗುಳ್ಳೆಗಳು ಸಾಲಾಗಿ ಕಂಡರೆ, ಅಥವಾ ಬೆಸುಗೆಯ ಅಡ್ಡಕ್ಕೆ ದಾರದಂತೆ ಗಾಳಿಯ ಗೆರೆ ಹಾದುಹೋಗಿದ್ದರೆ, ಆ ತೊಟ್ಟಿಯನ್ನು ಒಪ್ಪಿಕೊಳ್ಳಬೇಡಿ. ಒಳಮೂಲೆಯಲ್ಲಿ ಬಳಿದ ಸಿಲಿಕೋನ್ ಎಷ್ಟೇ ಅಂದವಾಗಿದ್ದರೂ ಅದು ಒಳಗಿನ ಬೆಸುಗೆಗೆ ರಕ್ಷಣೆ ಮಾತ್ರ. ಭಾರ ಹೊರುವುದು ಗಾಜುಗಳ ನಡುವಿನ ಆ ತೆಳು ಪದರ. ಬಚ್ಚಲುಮನೆಗೆ ಬಳಸುವ, ಬೂಷ್ಟು ತಡೆಯುವ ರಾಸಾಯನಿಕ ಬೆರೆಸಿದ ಸಿಲಿಕೋನ್ ಜೀವಿಗಳಿಗೆ ವಿಷವಾದ್ದರಿಂದ, ಬಳಸಿದ ಟ್ಯೂಬನ್ನು ತೋರಿಸಲು ಕೇಳಲು ಸಂಕೋಚಪಡಬೇಡಿ. ಬೆಸುಗೆ ಒಂದು ವಾರ ಒಣಗಿದ ಬಳಿಕ ಅಲ್ಲಿಯೇ ಅಂಚಿನವರೆಗೆ ನೀರು ತುಂಬಿ ಎರಡು ಮೂರು ದಿನ ಬಿಡಲು ಹೇಳಿ.

ಸಿಹಿನೀರಿನ ತೊಟ್ಟಿ ಇಟ್ಟವರಿಗೆ ಹೊಸದಾಗಿ ಎದುರಾಗುವುದು ರಂಧ್ರದ ವಿಚಾರ. ಹವಳದ ತೊಟ್ಟಿಯ ನೀರು ಮೇಲಂಚಿನಿಂದ ಓವರ್‌ಫ್ಲೋ ಪೆಟ್ಟಿಗೆಗೆ ಧುಮುಕಿ, ಕೊಳವೆಯಲ್ಲಿಳಿದು, ಸ್ಟ್ಯಾಂಡಿನೊಳಗಿನ ಎರಡನೆಯ ತೊಟ್ಟಿಯಾದ ಸಂಪ್ ಸೇರಿ, ಅಲ್ಲಿ ಶುದ್ಧವಾಗಿ ಪಂಪಿನ ಮೂಲಕ ಮರಳಿ ಮೇಲೇರುತ್ತದೆ. ಇದಕ್ಕೆ ಬೇಕಾದ ರಂಧ್ರಗಳನ್ನು ತೊಟ್ಟಿ ಕಟ್ಟುವ ಮೊದಲೇ ಗಾಜಿನಲ್ಲಿ ಕೊರೆಸಿಬಿಡಿ. ಟಫನ್ ಮಾಡಿದ, ಅಂದರೆ ಕಾಯಿಸಿ ಗಟ್ಟಿಗೊಳಿಸಿದ ಗಾಜನ್ನು ಆಮೇಲೆ ಕೊರೆಯಲು ಹೋದರೆ ಅದು ಪುಡಿಪುಡಿಯಾಗುತ್ತದೆ. ಇಳಿಯುವ ಕೊಳವೆ ಒಂದೇ ಇದ್ದರೆ ಸಾಲದು. ಅದರ ಬಾಯಿಗೆ ಬಸವನಹುಳುವೊಂದು ಕಚ್ಚಿಕೊಂಡರೂ ಪಂಪು ಮಾತ್ರ ನೀರನ್ನು ಏರಿಸುತ್ತಲೇ ಇರುತ್ತದೆ, ನೀರು ಹಾಲಿನ ನೆಲಕ್ಕೆ ಇಳಿಯುತ್ತದೆ. ಆದ್ದರಿಂದ ಸದಾ ಖಾಲಿಯಾಗಿರುವ, ಆಪತ್ತಿಗೆಂದೇ ಇಟ್ಟ ಇನ್ನೊಂದು ಕೊಳವೆ ಕಡ್ಡಾಯ.

ಕರೆಂಟು ಹೋದಾಗ ಏನಾಗುತ್ತದೆ ಎಂಬುದನ್ನೂ ಈಗಲೇ ಲೆಕ್ಕ ಹಾಕಬೇಕು. ಪಂಪು ನಿಂತೊಡನೆ, ಮೇಲೇರುವ ಕೊಳವೆಯ ತುದಿ ನೀರಿನಲ್ಲಿ ಮುಳುಗಿರುವಷ್ಟು ಆಳದವರೆಗೆ ನೀರು ಹಿಮ್ಮುಖವಾಗಿ ಸಂಪಿಗೆ ಇಳಿಯುತ್ತದೆ. ನಿಮ್ಮ ತೊಟ್ಟಿಯಲ್ಲಿ ಒಂದು ಸೆಂಟಿಮೀಟರ್ ಮಟ್ಟ ಇಳಿದರೆ ಒಂಬತ್ತು ಲೀಟರಿಗೂ ಹೆಚ್ಚು ನೀರು ಬಂದಂತೆ. ತುದಿ ಐದು ಸೆಂ.ಮೀ. ಮುಳುಗಿದ್ದರೆ ನಲವತ್ತೈದು ಲೀಟರ್ ದಾಟಿತು. ಪೆಟ್ಟಿಗೆ ಮತ್ತು ಕೊಳವೆಗಳಲ್ಲಿ ಉಳಿದದ್ದೂ ಸೇರುವುದರಿಂದ ಸಂಪಿನಲ್ಲಿ 60–70 ಲೀಟರಿನಷ್ಟು ಜಾಗ ಯಾವಾಗಲೂ ಖಾಲಿ ಇರಬೇಕು. ಮೀನು ಬಿಡುವ ಮೊದಲು ಪಂಪಿನ ಸ್ವಿಚ್ಚನ್ನು ಬೇಕೆಂದೇ ಆರಿಸಿ, ಸಂಪಿನ ಮಟ್ಟ ಎಲ್ಲಿಗೆ ಬಂದು ನಿಲ್ಲುತ್ತದೆಂದು ನೋಡಿ ಗುರುತು ಹಾಕಿಕೊಳ್ಳಿ.

ಸ್ಟ್ಯಾಂಡನ್ನು ಚೌಕ ಕೊಳವೆಯ ಉಕ್ಕಿನಲ್ಲಿ ಮಾಡಿಸಿ ಪೌಡರ್ ಕೋಟಿಂಗ್ ಹಾಕಿಸಿ. ಪೀಣ್ಯದ ಕಡೆ ಇಂಥ ಕೆಲಸ ಮಾಡುವವರು ಬೇಕಾದಷ್ಟಿದ್ದಾರೆ. ಉಪ್ಪುನೀರಿನ ತೇವಕ್ಕೆ ಅಗ್ಗದ ಪಾರ್ಟಿಕಲ್ ಬೋರ್ಡ್ ಕೆಲವೇ ತಿಂಗಳಲ್ಲಿ ಉಬ್ಬುತ್ತದೆ. ಖಾಲಿ ತೊಟ್ಟಿಯನ್ನು ಕೂರಿಸಿ ರಸಮಟ್ಟದಿಂದ ಉದ್ದಕ್ಕೂ ಅಡ್ಡಕ್ಕೂ ನೋಡಿ, ಅರ್ಧ ನೀರು ತುಂಬಿದ ಮೇಲೆ ಮತ್ತೊಮ್ಮೆ ನೋಡಿ. ಕಿಟಕಿಯ ನೇರ ಬಿಸಿಲು ಬೀಳುವ ಕಡೆ ಬೇಡ, ಪಾಚಿಯೂ ಬಿಸಿಯೂ ಹೆಚ್ಚುತ್ತವೆ. ಆರ್ಡರ್ ಕೊಡುವ ಮುನ್ನ ಲಿಫ್ಟಿನ ಒಳ ಅಳತೆಯನ್ನೂ ಮೆಟ್ಟಿಲಿನ ತಿರುವನ್ನೂ ಟೇಪು ಹಿಡಿದು ಅಳೆಯಿರಿ. ಹಿಡಿಸದಿದ್ದರೆ ಗಾಜುಗಳನ್ನು ಬಿಡಿಯಾಗಿ ತಂದು ಮನೆಯಲ್ಲೇ ಬೆಸೆಯುವವರನ್ನು ಹುಡುಕಬೇಕಾಗುತ್ತದೆ.

ಪ್ರಶ್ನೆ: ನಮ್ಮದು ಯಲಹಂಕದ ಸ್ವಂತ ಮನೆ, ಬೋರ್‌ವೆಲ್ ನೀರು. ಗೃಹಜ್ಯೋತಿಯಲ್ಲಿ ಈಗ ಕರೆಂಟು ಬಿಲ್ಲು ಬರುತ್ತಿಲ್ಲ. ಐದು ಅಡಿಯ ಹವಳದ ತೊಟ್ಟಿ ಇಟ್ಟರೆ ನೀರಿಗೂ ವಿದ್ಯುತ್ತಿಗೂ ಎಷ್ಟು ಹೊರೆಯಾಗುತ್ತದೆ? ಬೆಂಗಳೂರಿನ ಹವೆಗೆ ನೀರು ತಂಪು ಮಾಡುವ ಚಿಲ್ಲರ್ ಬೇಕೇ?
– ನಿವೃತ್ತ ಶಿಕ್ಷಕರು, ಯಲಹಂಕ

ಉತ್ತರ: ಈ ಪ್ರಶ್ನೆಯನ್ನು ತೊಟ್ಟಿಗೆ ಮುಂಗಡ ಕೊಡುವ ಮೊದಲೇ ಕೇಳಿದ್ದೀರಿ, ಒಳ್ಳೆಯದಾಯಿತು. ಎಲ್‌ಇಡಿ ದೀಪ 250 ವ್ಯಾಟಿನದು ದಿನಕ್ಕೆ ಹತ್ತು ಗಂಟೆ ಉರಿದರೆ ಎರಡೂವರೆ ಯೂನಿಟ್. ಪಂಪು, ಅಲೆ ಎಬ್ಬಿಸುವ ಮೋಟಾರು, ಸ್ಕಿಮ್ಮರ್ ಎಲ್ಲ ಸೇರಿ 125 ವ್ಯಾಟ್ ಹಗಲಿರುಳೂ ನಡೆದರೆ ಮೂರು ಯೂನಿಟ್. 300 ವ್ಯಾಟಿನ ಚಿಲ್ಲರ್ ಬೇಸಿಗೆಯಲ್ಲಿ ಎಂಟು ಗಂಟೆ ನಡೆದರೆ ಇನ್ನೂ ಎರಡೂವರೆ ಯೂನಿಟ್ ಹತ್ತಿರ. ತಿಂಗಳಿಗೆ 240 ಯೂನಿಟ್ ತೊಟ್ಟಿಗೇ ಆಯಿತು. ಗೃಹಜ್ಯೋತಿಯ ಮಿತಿ 200 ಯೂನಿಟ್ ಆಗಿದ್ದು, ಅದನ್ನು ದಾಟಿದ ತಿಂಗಳು ಪೂರ್ತಿ ಬಿಲ್ಲನ್ನು ನೀವೇ ಕಟ್ಟಬೇಕು. ಮನೆಯ ಬಳಕೆಯ ಬಿಲ್ಲೂ ಇದರೊಂದಿಗೆ ಮರಳಿ ಬರುತ್ತದೆಂದು ಎಣಿಸಿಯೇ ನಿರ್ಧಾರ ಮಾಡಿ.

ಹವಳಗಳಿಗೆ 24ರಿಂದ 27 ಡಿಗ್ರಿ ಸೆಲ್ಸಿಯಸ್ ಹಿತ. ನಮ್ಮ ಊರು ತಂಪೆಂಬ ನಂಬಿಕೆಯಲ್ಲಿ ಚಿಲ್ಲರ್ ಬೇಡವೆನ್ನುವವರಿದ್ದಾರೆ. 2016ರ ಏಪ್ರಿಲಿನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಗಿತ್ತು. ದೀಪ, ಪಂಪುಗಳ ಬಿಸಿಯೂ ನೀರಿಗೇ ಸೇರುತ್ತದೆ. ನೀರು 30 ಡಿಗ್ರಿಯ ಆಸುಪಾಸಿನಲ್ಲೇ ಉಳಿದರೆ ಹವಳಗಳು ತಮ್ಮೊಳಗೆ ಬಾಳುವ, ತಮಗೆ ಆಹಾರ ಒದಗಿಸುವ ಸೂಕ್ಷ್ಮ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತವೆ. ಹಾಗೆಯೇ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಹೀಟರ್ ಕೂಡ ಬೇಕಾಗುತ್ತದೆ. ಬೆಸ್ಕಾಂ ಕರೆಂಟು ಹೋದಾಗ ಅಲೆಯ ಮೋಟಾರಾದರೂ ಮನೆಯ ಯುಪಿಎಸ್‌ನಲ್ಲಿ ನಡೆಯಲಿ, ಏಕೆಂದರೆ ನೀರು ನಿಂತರೆ ಆಮ್ಲಜನಕ ಇಳಿದು ಮೊದಲು ಸಾಯುವುದು ಮೀನು.

ನೀರಿನ ಮಾತು ಇನ್ನೂ ಗಂಭೀರ. ಬೋರ್‌ವೆಲ್ ನೀರಿನ ಗಡಸುತನ, ನೈಟ್ರೇಟ್ ಎರಡೂ ಹವಳಕ್ಕೆ ಆಗಿಬರುವುದಿಲ್ಲ. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಆರ್‌ಓ ಮಾಡಿ, ಆಮೇಲೆ ಉಳಿದ ಲವಣಗಳನ್ನೂ ಹೀರುವ ಡಿಐ ರಾಳದ ಮೂಲಕ ಹಾಯಿಸಿ, ಮೀಟರಿನಲ್ಲಿ ಟಿಡಿಎಸ್ (ಕರಗಿದ ಲವಣಾಂಶ) ಸೊನ್ನೆ ತೋರಿಸುವ ನೀರಿಗೆ ಮಾತ್ರ ಸಮುದ್ರದ ಉಪ್ಪು ಬೆರೆಸಬೇಕು. ಅಡುಗೆಮನೆಯ ಆರ್‌ಓ ಯಂತ್ರ ರುಚಿಗಾಗಿ ಖನಿಜವನ್ನು ಮರಳಿ ಸೇರಿಸುವುದರಿಂದ ಅದೊಂದೇ ಸಾಲದು. ಲೀಟರಿಗೆ ಸುಮಾರು 36 ಗ್ರಾಂ ಉಪ್ಪಿನಂತೆ, ಮೊದಲ ಸಲ 600 ಲೀಟರಿಗೆ ಇಪ್ಪತ್ತೊಂದು ಕೆ.ಜಿ.ಗೂ ಮೀರಿ ಬೇಕು. ಆಮೇಲೆ ಎರಡು ವಾರಕ್ಕೊಮ್ಮೆ 60 ಲೀಟರ್ ಬದಲಿಸಿ, ದಿನಕ್ಕೆ ಐದಾರು ಲೀಟರ್ ಆವಿಯಾದದ್ದನ್ನು ಉಪ್ಪಿಲ್ಲದ ಶುದ್ಧ ನೀರಿನಿಂದ ತುಂಬುತ್ತಾ ಹೋದರೆ, ತಿಂಗಳಿಗೆ 300 ಲೀಟರ್ ಶುದ್ಧ ನೀರು ಬೇಕು. ಅದರ ಎರಡು ಮೂರು ಪಟ್ಟು ನೀರು ಆರ್‌ಓ ಯಂತ್ರದಿಂದ ಹೊರಬೀಳುತ್ತದೆ. 2024ರ ಬೇಸಿಗೆಯಲ್ಲಿ ನಗರದ ಎಷ್ಟೋ ಬೋರ್‌ವೆಲ್‌ಗಳು ಬತ್ತಿ ಜನ ಟ್ಯಾಂಕರಿಗೆ ಸಾಲು ನಿಂತದ್ದನ್ನು ಕಂಡ ಮೇಲೆ ಆ ನೀರನ್ನು ಚರಂಡಿಗೆ ಬಿಡುವುದು ನನಗೆ ಒಪ್ಪಿಗೆಯಾಗದು. ಡ್ರಮ್ಮಿನಲ್ಲಿ ಹಿಡಿದು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ನಿಮ್ಮ ಬೋರ್‌ವೆಲ್ ಬೇಸಿಗೆಯಲ್ಲಿ ಕೈಕೊಡುವಂಥದ್ದಾದರೆ ಮೂರು ಅಡಿಯ ತೊಟ್ಟಿಗೆ ತೃಪ್ತಿಪಡುವುದು ಉಚಿತ.

ಪ್ರಶ್ನೆ: ವೈಟ್‌ಫೀಲ್ಡಿನಲ್ಲಿ ವಿದೇಶಕ್ಕೆ ಹೊರಟಿರುವ ಕುಟುಂಬವೊಂದು ನಡೆಯುತ್ತಿರುವ ಹವಳದ ತೊಟ್ಟಿಯನ್ನು ಕಲ್ಲು, ಮರಳು, ಮೀನು, ಹವಳಗಳ ಸಮೇತ ಮಾರುತ್ತಿದೆ. ಬೆಲೆ ಹೊಸದರ ಅರ್ಧಕ್ಕಿಂತ ಕಡಿಮೆ. ಕೊಳ್ಳಬಹುದೇ?
– ಓದುಗರು, ಮಾರತಹಳ್ಳಿ

ಉತ್ತರ: ಗಾಜು, ಸಂಪು, ಯಂತ್ರಗಳನ್ನು ಕೊಳ್ಳಬಹುದು, ಹವಳದ ವಿಚಾರ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನು ಸೇರಿಸಲಾಯಿತು. ಮನ್ನಾರ್ ಕೊಲ್ಲಿಯಿಂದಾಗಲಿ, ಲಕ್ಷದ್ವೀಪ, ಅಂಡಮಾನಿನಿಂದಾಗಲಿ, ನಮ್ಮದೇ ನೇತ್ರಾಣಿಯಿಂದಾಗಲಿ ತೆಗೆದ ಗಟ್ಟಿ ಹವಳವನ್ನು ಮಾರುವುದೂ ಕೊಳ್ಳುವುದೂ ಅಪರಾಧ. ಸತ್ತ ಹವಳದ ಕಲ್ಲೂ ಇದಕ್ಕೆ ಹೊರತಲ್ಲ. ವಿದೇಶದಿಂದ ಬಂದ ಗಟ್ಟಿ ಹವಳಗಳು ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದ್ದು, ನಮ್ಮ ಕಾಯ್ದೆಯ 2022ರ ತಿದ್ದುಪಡಿಯ ಬಳಿಕ ಅಂಥ ಜೀವಿಗಳನ್ನು ಇಟ್ಟುಕೊಂಡವರು ಸರ್ಕಾರಕ್ಕೆ ವರದಿ ಮಾಡಿ ನೋಂದಾಯಿಸಬೇಕು, ಕೈ ಬದಲಾದಾಗಲೂ ತಿಳಿಸಬೇಕು. ಮಾರುವವರ ಬಳಿ ಆಮದಿನ ಕಾಗದವನ್ನೂ ನೋಂದಣಿಯನ್ನೂ ಕೇಳಿ. ಅನುಮಾನವಿದ್ದರೆ ಮಲ್ಲೇಶ್ವರದ ಅರಣ್ಯ ಭವನದಲ್ಲಿ ವಿಚಾರಿಸಿ. ಕಾಗದವಿಲ್ಲದ ಹವಳವನ್ನು ಪುಕ್ಕಟೆ ಕೊಟ್ಟರೂ ತರಬೇಡಿ. ಸಮುದ್ರದ ಬಿಸಿಯಿಂದ ಈಗಾಗಲೇ ಬಿಳಿಚಿ ಸಾಯುತ್ತಿರುವ ದಿಬ್ಬಗಳನ್ನು ನಮ್ಮ ಹಾಲಿನ ಚೆಂದಕ್ಕಾಗಿ ಇನ್ನಷ್ಟು ಕಿತ್ತು ತರುವುದಕ್ಕೆ ನಾವು ಕಾರಣರಾಗಬಾರದು. ಕಾರ್ಖಾನೆಯಲ್ಲಿ ಮಾಡಿದ ಸರಂಧ್ರ ಕಲ್ಲು, ಬಿಲ್ಲಿನೊಂದಿಗೆ ಬರುವ ಮೆದು ಹವಳ, ಮರಿಮಾಡಿಸಿ ಬೆಳೆಸಿದ ಕ್ಲೌನ್ ಮೀನು ಇವುಗಳಿಂದಲೇ ಸುಂದರವಾದ ತೊಟ್ಟಿ ಕಟ್ಟಬಹುದು. ಕ್ಲೌನ್ ಮೀನಿನ ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ರೂಪಿಸಿದೆ.

ಉಳಿದಂತೆ, ಹಿಂದೆ ಮೀನಿನ ರೋಗಕ್ಕೆ ತಾಮ್ರದ ಔಷಧಿ ಹಾಕಿದ್ದರೇ ಎಂದು ಕೇಳಿ. ಕಲ್ಲು, ಮರಳು ಹೀರಿಕೊಂಡ ತಾಮ್ರ ನಿಧಾನವಾಗಿ ಹೊರಬಂದು ಹವಳ, ಸೀಗಡಿಗಳನ್ನು ಕೊಲ್ಲುತ್ತದೆ. ಹಾಕಿದ್ದಾರೆಂದರೆ ಅವೆರಡನ್ನೂ ಬಿಟ್ಟುಬಿಡಿ. ಹಳೆಯ ಮರಳನ್ನು ಹೇಗೂ ತರದಿರುವುದೇ ಲೇಸು, ಕದಡಿದಾಗ ಅದರಡಿಯ ಕೊಳೆ ನೀರನ್ನು ಕೆಡಿಸುತ್ತದೆ. ತೊಟ್ಟಿಯ ವಯಸ್ಸು ಹತ್ತು ವರ್ಷ ದಾಟಿದ್ದು ಮೂಲೆಯ ಸಿಲಿಕೋನ್ ಉಗುರಿಗೆ ಏಳುವಂತಿದ್ದರೆ, ಪೂರ್ತಿ ಬಿಚ್ಚಿ ಮರುಬೆಸುಗೆ ಮಾಡಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ನೀರು, ಕಲ್ಲು ಒಳಗಿರುವಂತೆ ತೊಟ್ಟಿಯನ್ನು ಎತ್ತಲು ಯಾರಿಗೂ ಬಿಡಬೇಡಿ. ನಿಮ್ಮ ಮನೆಯಲ್ಲಿ ಹೊಸ ನೀರು ತುಂಬಿ, ಕೊಳೆಯಿಂದ ಹುಟ್ಟುವ ವಿಷಗಳಾದ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವವರೆಗೆ ನಾಲ್ಕರಿಂದ ಆರು ವಾರ ಬೇಕಾಗುವುದರಿಂದ, ಅಷ್ಟು ದಿನ ಮೀನುಗಳನ್ನು ಅವರೇ ಇಟ್ಟುಕೊಳ್ಳುವರೇ ಎಂದು ಕೇಳಿನೋಡಿ. ಅವರ ಪ್ರಯಾಣ ಅದಕ್ಕಿಂತ ಮುಂಚೆ ಇದ್ದರೆ ಮೀನುಗಳನ್ನು ಬೇರೆಯವರಿಗೆ ಕೊಡಲಿ, ನೀವು ತೊಟ್ಟಿಗೆ ಮಾತ್ರ ಬೆಲೆ ಮಾತಾಡಿ.