ನೀರು ನುಗ್ಗುವ ಬೇಸ್‌ಮೆಂಟಿಗೆ ಯಾವ ನೆಲ?

ಪ್ರಶ್ನೆ: ನಮ್ಮ ಬೇಸ್‌ಮೆಂಟು 300 ಚದರಡಿ. ಜೋರು ಮಳೆಯಾದರೆ ಗೇಣು ನೀರು ನಿಲ್ಲುತ್ತದೆ. ಹಾಕಿಸಿದ ವಿಟ್ರಿಫೈಡ್ ಟೈಲ್ಸ್ ಅಲ್ಲಲ್ಲಿ ಎದ್ದಿವೆ. ಕಿತ್ತು ವಿನೈಲ್ ಹಾಸಬಹುದೇ?
– ಓದುಗರು, ಕಲಬುರಗಿ

ಉತ್ತರ: ವಿನೈಲ್ ಬೇಡ. ಅದು ತಾನು ನೆನೆಯುವುದಿಲ್ಲ, ನಿಜ. ಆದರೆ ಅಡಿಗೆ ಸೇರಿದ ನೀರು ಅಲ್ಲೇ ಕೂತು, ಅಂಟು ಬಿಟ್ಟು, ಬೂಸ್ಟು ಹಿಡಿದು ನಾರತೊಡಗುತ್ತದೆ. ಲ್ಯಾಮಿನೇಟ್ ಅಂತೂ ಒಂದೇ ಮಳೆಗೆ ಉಬ್ಬಿ ಹಾಳಾಗುತ್ತದೆ. ವಿಟ್ರಿಫೈಡ್ ಟೈಲ್ ನೀರನ್ನು ಹೀರುವುದೇ ಇಲ್ಲವೆನ್ನಬೇಕು. ಹಾಗಾಗಿ ಬರೀ ಸಿಮೆಂಟ್ ಹಾಲು ಅದರ ಬೆನ್ನಿಗೆ ಸರಿಯಾಗಿ ಕಚ್ಚುವುದಿಲ್ಲ. ನಾಣ್ಯದಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದ ಟೈಲೆಲ್ಲ ಇಂದಲ್ಲ ನಾಳೆ ಏಳುವಂಥದ್ದೇ.

ಮೊದಲು ತೇವ ಎಲ್ಲಿಯದೆಂದು ತಿಳಿಯಿರಿ. ನಾಲ್ಕು ಟೈಲ್ ಕಿತ್ತು, ಕಾಂಕ್ರೀಟ್ ಒರೆಸಿ ಒಣಗಿಸಿ, ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಹಾಳೆಯ ಅಡಿಗೆ ಹನಿ ಕಟ್ಟಿದ್ದರೆ ತೇವ ನೆಲದ್ದು, ಮೇಲೆ ಕಟ್ಟಿದ್ದರೆ ಗಾಳಿಯದು. ನಿಮ್ಮ ಕಡೆಯ ಎರೆಮಣ್ಣು ಕುಡಿದ ನೀರನ್ನು ಬೇಗ ಬಿಡುವುದಿಲ್ಲ. ಮಳೆ ನಿಂತ ಮೇಲೂ ಗೋಡೆ–ನೆಲ ಕೂಡುವಲ್ಲಿ ಜಿನುಗುತ್ತಲೇ ಇರುತ್ತದೆ. ಅದನ್ನು ತಡೆಯಲೆಂದು ಒಳಗಿನಿಂದ ಬಳಿದ ವಾಟರ್‌ಪ್ರೂಫ್ ಬಣ್ಣವನ್ನು ಕೆಳಗಿನ ಒತ್ತಡ ಹಪ್ಪಳದಂತೆ ಎಬ್ಬಿಸುತ್ತದೆ.

ಪಾಲಿಷ್ ಮಾಡದ ಶಹಾಬಾದ್ ಫರ್ಸಿ ಹಾಕಿಸಿ. ನಿಮ್ಮ ಜಿಲ್ಲೆಯದೇ ಕಲ್ಲು, ನೆನೆದರೆ ಉಬ್ಬದು, ಒಡೆದರೆ ಅದೊಂದನ್ನೇ ಬದಲಿಸಬಹುದು. ಹಳೇ ಟೈಲ್ಸ್ ಪೂರ್ತಿ ತೆಗೆಸಿ. ಕಲ್ಲನ್ನು ಗೋಡೆಗೆ ತಾಗಿಸದೆ ಸುತ್ತಲೂ 4 ಇಂಚು ಬಿಡಿಸಿದರೆ, ನೆಲ ಒಡೆಯದೆಯೇ ಎರಡೂವರೆ ಇಂಚು ಆಳದ ಕಾಲುವೆ ಸಿಗುತ್ತದೆ. ನಡುವಿನಿಂದ ಕಾಲುವೆಯ ಕಡೆಗೆ 8 ಅಡಿಗೆ 1 ಇಂಚು ಇಳಿಜಾರು ಇರಲಿ. ಕಾಲುವೆಯ ತಳವೂ ಮೂಲೆಯ ಗುಂಡಿಗೆ ಇಳಿಯಬೇಕು. ಗುಂಡಿ 2×2 ಅಡಿ, ಆಳ ಎರಡೂವರೆ. ಅದರಲ್ಲಿ ಫ್ಲೋಟ್ ಸ್ವಿಚ್ಚಿನ (ನೀರು ಏರಿದರೆ ತಾನೇ ಚಾಲೂ ಆಗುವ) ಪಂಪು, ಪೈಪಿಗೆ ನಾನ್‌ರಿಟರ್ನ್ ವಾಲ್ವ್. ವಾಲ್ವ್ ಇಲ್ಲದಿದ್ದರೆ ಪಂಪು ನಿಂತಾಗ ಪೈಪಿನ ನೀರು ವಾಪಸ್ಸು ಗುಂಡಿಗೇ. ನಿಮ್ಮದು ರಾಫ್ಟ್ ಅಡಿಪಾಯವಾದರೆ (ಇಡೀ ಕಟ್ಟಡದ ಭಾರ ಹೊರುವ ಒಂದೇ ಕಾಂಕ್ರೀಟ್ ಹಾಸು) ಎಂಜಿನಿಯರನ್ನು ಕೇಳದೆ ಗುಂಡಿ ತೋಡಿಸಬೇಡಿ.

ಲೆಕ್ಕ: ಕಾಲುವೆಯ ಜಾಗ ಕಳೆದು, ಒಡೆಯುವುದನ್ನು ಸೇರಿಸಿ 2×2 ಅಡಿಯ, ಇಂಚು ದಪ್ಪದ 75 ಕಲ್ಲು, ಒಂದೊಂದೂ ಸುಮಾರು 25 ಕೆ.ಜಿ. ದಪ್ಪ ಏರುಪೇರಿರುವುದರಿಂದ ಟೈಲ್ ಅಂಟಿನ ತೆಳು ಪದರ ಸಾಲದು, ಸರಾಸರಿ 2 ಇಂಚು ಗಾರೆ ಬೇಕು. 1:4ರಲ್ಲಿ 11 ಚೀಲ ಸಿಮೆಂಟು, 52 ಘನ ಅಡಿ ಉಸುಕು. ಸಿಮೆಂಟ್ ಹಾಲಿಗೂ ಸಂದಿಗೂ ಇನ್ನೆರಡು ಚೀಲ. ಗೌಂಡಿ ಅವಸರದಲ್ಲಿ ನಾಲ್ಕು ಮೂಲೆಗೆ ಮಾತ್ರ ಗಾರೆ ಇಟ್ಟು ಕಲ್ಲು ಕೂರಿಸುವುದುಂಟು. ಕೂರಿಸಿದ ಮೊದಲ ಕಲ್ಲನ್ನು ಎತ್ತಿಸಿ ನೋಡಿ: ಬೆನ್ನಿನ ತುಂಬ ಗಾರೆಯ ಗುರುತಿರಬೇಕು. ಸಂದಿಗೆ ನೀರು ಬಿಡದ ಎಪಾಕ್ಸಿ ಅಂಟು ತುಂಬಿ ಬಿಗಿಯಬೇಡಿ. ಕೆಳಗಿನಿಂದ ಒತ್ತುವ ನೀರು ಅಲ್ಲಿ ಜಿನುಗಿ ಕಾಲುವೆ ಸೇರಲಿ. ಏಳು ದಿನ ನೀರುಣಿಸಿ.

ಪ್ರಶ್ನೆ: ಭೀಮಾ ನದಿಯ ನೀರು ಹೊಕ್ಕರೆ ಒಂದೇ ದಿನದಲ್ಲಿ ಪಂಪಿನಿಂದ ಖಾಲಿ ಮಾಡಬಹುದೇ?
– ಓದುಗರು, ಯಾದಗಿರಿ

ಉತ್ತರ: ಆಳವಾಗಿ ತುಂಬಿದ್ದರೆ ಬೇಡ. ಹೊರಗಿನ ಮಣ್ಣು ನೆನೆದು ಗೋಡೆಯನ್ನು ಒತ್ತುತ್ತಿರುವಾಗ ಒಳಗಿನ ನೀರೇ ಅದಕ್ಕೆ ಆಸರೆ. ಹೊರಗಿನ ನೀರು ಇಳಿದ ಮೇಲೆ ದಿನಕ್ಕೆ ಮೂರನೇ ಒಂದು ಪಾಲಿನಂತೆ ತೆಗೆಯಿರಿ. ಮೇನ್ ಸ್ವಿಚ್ ಆಫ್ ಮಾಡದೆ ಯಾರೂ ನೀರಿಗೆ ಇಳಿಯಬಾರದು. ಮೇನ್ ಬೇಸ್‌ಮೆಂಟಿನಲ್ಲೇ ಇದ್ದರೆ ಲೈನ್‌ಮನ್ ಬರಲಿ.

ಪ್ರಶ್ನೆ: ಫರ್ಸಿಯ ಮೇಲೆ ಬಿಳಿ ಪುಡಿ ಏಳುತ್ತದೆ. ಆ್ಯಸಿಡ್ ಹಾಕಿ ತೊಳೆಯಲೇ?
– ಓದುಗರು, ಬೀದರ್

ಉತ್ತರ: ಬೇಡ. ಫರ್ಸಿ ಸುಣ್ಣದ ಕಲ್ಲು, ಆ್ಯಸಿಡ್ ಬಿದ್ದರೆ ನೊರೆಗಟ್ಟಿ ಮೈ ತಿನ್ನುತ್ತದೆ. ಪುಡಿ ಎಂದರೆ ತೇವದೊಡನೆ ಮೇಲೆ ಬಂದ ಲವಣ. ಒಣ ಬ್ರಷ್‌ನಿಂದ ಉಜ್ಜಿ ಗುಡಿಸಿ ಹೊರಹಾಕಿ. ಮೊದಲೇ ನೀರು ಸುರಿದರೆ ಲವಣ ಕರಗಿ ಮತ್ತೆ ಕಲ್ಲಿನೊಳಗೇ ಇಳಿಯುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿದ ನೆಲಕ್ಕಂತೂ ಆ್ಯಸಿಡ್ ಸೋಕಿಸಲೇಬೇಡಿ: ಕ್ಲೋರಿನ್ ಅನಿಲ ಏಳುತ್ತದೆ, ಗಾಳಿಯಾಡದ ಬೇಸ್‌ಮೆಂಟಿನಲ್ಲಿ ಅದು ಜೀವಕ್ಕೇ ಅಪಾಯ.