ನಡುರಾತ್ರಿಯ ಬೆವರಿಗೆ ಗ್ಯಾಸ್ ಮಾತ್ರೆ ನುಂಗುವ ಮೊದಲು ಬೆರಳು ಚುಚ್ಚಿ

ಈ ಅಂಕಣಕ್ಕೆ ಸಕ್ಕರೆ ಕಾಯಿಲೆಯವರಿಂದ ಬರುವ ಪತ್ರಗಳಲ್ಲಿ ಒಂದೇ ಮಾತು ಮತ್ತೆ ಮತ್ತೆ ಕಾಣುತ್ತದೆ: ರಾತ್ರಿ ಬೆವರುತ್ತದೆ, ಎದೆ ಢವಢವ ಅನ್ನುತ್ತದೆ, ದಿಂಬಿಗೆ ಕಿವಿ ಇಟ್ಟರೆ ನಾಡಿ ಕೇಳಿಸುತ್ತದೆ, 'ಗ್ಯಾಸ್ಟ್ರಿಕ್ ಇರಬೇಕು ಅಲ್ಲವೇ?' ಗ್ಯಾಸ್ಟ್ರಿಕ್ ಎಂಬ ಈ ಒಂದು ಪದದ ಹಿಂದೆ ಎಷ್ಟು ಅಪಾಯ ಅಡಗಿ ಕೂತಿದೆ ಎಂದು ಇನ್ನೂ ಹಲವರಿಗೆ ಗೊತ್ತಿಲ್ಲ. ಆದ್ದರಿಂದ ಈ ಸಲ ಮೊದಲ ಪತ್ರಕ್ಕೇ ಹೆಚ್ಚು ಜಾಗ ಕೊಡುತ್ತಿದ್ದೇನೆ.

ಪ್ರಶ್ನೆ: ಡಾಕ್ಟರೇ, ನಮ್ಮ ಯಜಮಾನರಿಗೆ 63 ವರ್ಷ, ಹನ್ನೆರಡು ವರ್ಷದಿಂದ ಶುಗರ್ ಇದೆ. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ವೋಗ್ಲಿಬೋಸ್ ಮೂರೂ ಸೇರಿದ ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಬಿ.ಪಿ.ಗೆ ಮೆಟೊಪ್ರೊಲಾಲ್. ಈಚೆಗೆ ರಾತ್ರಿ ಎರಡು ಗಂಟೆ ಸುಮಾರಿಗೆ ಬನಿಯನ್ ಹಿಂಡುವಷ್ಟು ಬೆವರು, ಕುತ್ತಿಗೆ, ಕಿವಿಯಲ್ಲೆಲ್ಲ ನಾಡಿ ಹೊಡೆದುಕೊಳ್ಳುತ್ತದೆ. ನಾಲ್ಕು ಬಿಸ್ಕತ್ತು ತಿಂದರೆ ಸ್ವಲ್ಪ ಹೊತ್ತಿಗೆ ಸರಿಹೋಗಿ ಮಲಗುತ್ತಾರೆ. ಬೆಳಿಗ್ಗೆ ಶುಗರ್ ನೋಡಿದರೆ 190. ಆ ಚೀಟಿ ನೋಡಿ ಡಾಕ್ಟರು ರಾತ್ರಿ ಮಾತ್ರೆ ಹೆಚ್ಚಿಸಿದರು. ಬೆವರಿನ ವಿಷಯ ಗ್ಯಾಸ್ ಅಂದುಕೊಂಡು ಹೇಳಲಿಲ್ಲ. ಶುಗರ್ ಜಾಸ್ತಿ ಆಗಬಾರದು ಅಂತ ರಾತ್ರಿ ಮುದ್ದೆ ಬಿಡಿಸಿ ಸೌತೆಕಾಯಿ, ಮಜ್ಜಿಗೆ ಕೊಡುತ್ತಿದ್ದೇನೆ. — ಓದುಗರು, ತುಮಕೂರು ಜಿಲ್ಲೆ

ಉತ್ತರ: ಅಮ್ಮ, ಗ್ಯಾಸ್ ಬಿಸ್ಕತ್ತಿಗೆ ಇಳಿಯುವುದಿಲ್ಲ, ಇಳಿದುಹೋದ ಶುಗರ್ ಬಿಸ್ಕತ್ತಿಗೆ ಏರುತ್ತದೆ. ನಿಮ್ಮ ಪತ್ರದಲ್ಲೇ ಉತ್ತರದ ಮುಕ್ಕಾಲು ಪಾಲು ಇದೆ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಇವುಗಳಲ್ಲಿ ಯಾವುದನ್ನು ನುಂಗುತ್ತಿದ್ದರೂ, ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರೂ, ನಡುರಾತ್ರಿಯ ತಣ್ಣನೆ ಬೆವರನ್ನು ಶುಗರ್ ಲೋ ಎಂದೇ ಹಿಡಿಯಬೇಕು. ಅಲ್ಲ ಎಂದು ಮೀಟರು ತೋರಿಸುವವರೆಗೆ ಬೇರೆ ಮಾತು ಬೇಡ.

ನಾಡಿ ಯಾಕೆ ಹೊಡೆದುಕೊಳ್ಳುತ್ತದೆ ಎಂಬುದನ್ನೂ ಹೇಳುತ್ತೇನೆ. ಶುಗರ್ 70ರ ಆಸುಪಾಸಿಗೆ ಇಳಿದಾಗ ದೇಹ ಅಡ್ರಿನಲಿನ್ ಸುರಿಸುತ್ತದೆ. ಅದು ಮೇಲಿನ ಬಿ.ಪಿ.ಯನ್ನು ಏರಿಸಿ, ಕೆಳಗಿನದನ್ನು ತುಸು ಇಳಿಸುತ್ತದೆ. ಎರಡರ ನಡುವಿನ ಅಂತರ ಹಿಗ್ಗಿದಷ್ಟೂ ಒಂದೊಂದು ಬಡಿತವೂ ಜೋರಾಗಿ ತಿಳಿಯುತ್ತದೆ. ಕುತ್ತಿಗೆ, ಕಿವಿ, ಹೊಟ್ಟೆಯಲ್ಲಿ ನಾಡಿ ಕುಣಿಯುವುದು ಅದಕ್ಕೇ. ಬೆವರಿನ ದಾರಿ ಬೇರೆ. ಅದರ ನರಗಳು ಕೆಲಸ ಮಾಡುವುದು ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ರಾಸಾಯನಿಕದಿಂದ. ನಿಮ್ಮ ಮನೆಯವರು ನುಂಗುವ ಮೆಟೊಪ್ರೊಲಾಲ್ ಆಗಲಿ, ಅದೇ ಗುಂಪಿನ ಅಟೆನೊಲಾಲ್ ಆಗಲಿ, ಎದೆಬಡಿತವನ್ನೂ ಕೈನಡುಕವನ್ನೂ ಮರೆಮಾಡುತ್ತದೆ, ಬೆವರನ್ನು ಮರೆಮಾಡುವುದಿಲ್ಲ. ಈ ಮಾತ್ರೆಯಲ್ಲಿ ಇರುವವರಿಗೆ ಕೆಲವೊಮ್ಮೆ ಬೆವರೊಂದೇ ಉಳಿಯುವ ಎಚ್ಚರಿಕೆ. ಅದನ್ನೂ ಗ್ಯಾಸ್ ಎಂದು ತಳ್ಳಿಹಾಕಿದರೆ ಮುಂದಿನದು ತೊದಲು ಮಾತು, ಗೊಂದಲ, ಫಿಟ್ಸು, ಎಚ್ಚರ ತಪ್ಪುವುದು.

ಬೆಳಗಿನ 190 ನೋಡಿ 'ರಾತ್ರಿ ಲೋ ಆಗಿರಲಿಕ್ಕಿಲ್ಲ' ಎನ್ನುವುದು ತಪ್ಪು. ಎರಡು ಗಂಟೆಗೆ ತಿಂದ ಬಿಸ್ಕತ್ತು ಅದರಲ್ಲಿ ಇದೆ. ಮೂರು ಗಂಟೆಯಿಂದ ಬೆಳಕು ಹರಿಯುವವರೆಗೆ ಕಾರ್ಟಿಸಾಲ್, ಬೆಳವಣಿಗೆಯ ಹಾರ್ಮೋನು ಏರಿ, ಪಿತ್ತಜನಕಾಂಗ ತಾನೇ ಸಕ್ಕರೆ ಬಿಡುವುದೂ ಅದರಲ್ಲಿ ಇದೆ. ಆ ಒಂದೇ ಸಂಖ್ಯೆಯ ಆಧಾರದ ಮೇಲೆ ರಾತ್ರಿ ಮಾತ್ರೆ ಏರಿತು, ಇತ್ತ ರಾತ್ರಿ ಊಟ ಇಳಿಯಿತು. ಗ್ಲಿಮೆಪಿರೈಡ್ ನೀವು ತಿಂದಿರೋ ಇಲ್ಲವೋ ಎಂದು ಕಾಯುವುದಿಲ್ಲ, ಮೇದೋಜೀರಕದಿಂದ ಇನ್ಸುಲಿನ್ ಹಿಂಡುತ್ತಲೇ ಇರುತ್ತದೆ. ಸೌತೆಕಾಯಿ, ಮಜ್ಜಿಗೆಯಲ್ಲಿ ಆ ಇನ್ಸುಲಿನ್ನಿಗೆ ಸಾಲುವಷ್ಟು ಪಿಷ್ಟ ಇಲ್ಲ. ಮುದ್ದೆ ಬಿಡಿಸಬೇಡಿ. ಅಳತೆಯ ಒಂದು ಮುದ್ದೆ, ಸೊಪ್ಪಿನ ಸಾರು, ಬೇಳೆ ಅಥವಾ ಕಾಳು ರಾತ್ರಿಯೂ ಇರಲಿ.

ಈಗ ಮಾಡಬೇಕಾದ್ದು ಕೇಳಿ. ಶುಗರ್ ಮೀಟರು, ಅದರ ಪಟ್ಟಿಯ (ಸ್ಟ್ರಿಪ್) ಡಬ್ಬಿ, ಸೂಜಿ, ಒಂದು ಒಣ ಬಟ್ಟೆ, ಗ್ಲುಕೋಸ್ ಪುಡಿ, ನೀರಿನ ಲೋಟ ಇಷ್ಟೂ ಮಂಚದ ಪಕ್ಕದಲ್ಲಿ ಇರಲಿ. ಅಲ್ಮೇರಾದಲ್ಲಿ ಅಲ್ಲ. ಬೆವರು ಬಂದ ಕ್ಷಣ ಬೆರಳನ್ನು ಚೆನ್ನಾಗಿ ಒರೆಸಿ ಚುಚ್ಚಿ. ಒದ್ದೆ ಬೆರಳಿನ ರಕ್ತ ತೆಳುವಾಗಿ ಸಂಖ್ಯೆ ಕಡಿಮೆ ಬರುತ್ತದೆ, ಬಿಸ್ಕತ್ತು ಮುಟ್ಟಿದ ಬೆರಳಿನಲ್ಲಿ ಹೆಚ್ಚು ಬರುತ್ತದೆ. ಆದ್ದರಿಂದ ಚುಚ್ಚುವುದು ಮೊದಲು, ತಿನ್ನುವುದು ಆಮೇಲೆ. ಮಾತು ತೊದಲುತ್ತಿದ್ದರೆ ಮಾತ್ರ ಇದು ತಿರುಗುಮುರುಗು: ನುಂಗಲು ಆಗುತ್ತಿದ್ದರೆ ಮೊದಲು ಗ್ಲುಕೋಸ್ ಕೊಡಿ. ಪಟ್ಟಿಯ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ತೇವ ಹಿಡಿದು ಪಟ್ಟಿ ಸುಳ್ಳು ಹೇಳುತ್ತದೆ, ಅವಧಿ ಮುಗಿದ ಪಟ್ಟಿಯೂ ಹಾಗೆಯೇ. ಮೀಟರಿನ ಅಂತರರಾಷ್ಟ್ರೀಯ ಮಾನದಂಡವೇ 100ರ ಕೆಳಗೆ 15 ಅಂಕದಷ್ಟು ಆಚೀಚೆ ಒಪ್ಪುತ್ತದೆ. ಹಾಗಾಗಿ ಬೆವರುತ್ತಿರುವವರಿಗೆ 74 ಬಂದರೆ 'ನಾಲ್ಕು ಮೇಲಿದೆಯಲ್ಲ' ಎಂದು ಸುಮ್ಮನಿರಬೇಡಿ, ಲೋ ಎಂದೇ ಉಪಚಾರ ಮಾಡಿ.

70ಕ್ಕಿಂತ ಕಡಿಮೆ ಇದ್ದರೆ 15 ಗ್ರಾಂ ಗ್ಲುಕೋಸ್, ಎಂದರೆ 3 ಟೀ ಚಮಚ, ಅರ್ಧ ಲೋಟ ನೀರಿನಲ್ಲಿ. ಇಲ್ಲಿ ಒಂದು ಸೂಕ್ಷ್ಮ ಇದೆ, ಔಷಧಿ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ನಿಮ್ಮವರ ಮಾತ್ರೆಯಲ್ಲಿ ವೋಗ್ಲಿಬೋಸ್ ಇದೆ. ಕರುಳಿನಲ್ಲಿ ಸಕ್ಕರೆ, ಪಿಷ್ಟ ಒಡೆಯುವ ಕಿಣ್ವವನ್ನೇ ಅದು ತಡೆಯುತ್ತದೆ. ಮನೆಯ ಸಕ್ಕರೆ, ಬೆಲ್ಲ, ಬಿಸ್ಕತ್ತು ಎಲ್ಲವೂ ಅವರಿಗೆ ನಿಧಾನ. ಬಣ್ಣ, ಹಣ್ಣಿನ ರುಚಿ ಸೇರಿಸದ ಬಿಳಿ ಗ್ಲುಕೋಸ್ ಪುಡಿಯನ್ನೇ ಇಟ್ಟುಕೊಳ್ಳಿ. ಒಡೆಯಬೇಕಾದ ಅಗತ್ಯ ಇಲ್ಲದ್ದರಿಂದ ಅದು ನೇರ ರಕ್ತಕ್ಕೆ ಸೇರುತ್ತದೆ. ವೋಗ್ಲಿಬೋಸ್ ಅಥವಾ ಅದೇ ತರಹದ ಅಕಾರ್ಬೋಸ್ ನುಂಗದವರಿಗೆ 3 ಚಮಚ ಸಕ್ಕರೆಯೂ ನಡೆಯುತ್ತದೆ. ಚಾಕೊಲೇಟು, ಐಸ್‌ಕ್ರೀಮು, ಕೆನೆಹಾಲು ಯಾರಿಗೂ ಬೇಡ, ಕೊಬ್ಬು ಸಕ್ಕರೆಯನ್ನು ಹೊಟ್ಟೆಯಲ್ಲೇ ತಡೆದು ನಿಲ್ಲಿಸುತ್ತದೆ.

ಗಡಿಯಾರ ನೋಡಿ 15 ನಿಮಿಷಕ್ಕೆ ಮತ್ತೆ ಚುಚ್ಚಿ. ಇನ್ನೂ 70ರ ಕೆಳಗಿದ್ದರೆ ಇನ್ನೊಮ್ಮೆ ಅಷ್ಟೇ ಗ್ಲುಕೋಸ್. ಮೇಲೆ ಬಂದಮೇಲೆ ಒಂದು ಚಪಾತಿಯೋ, ಒಂದಿಷ್ಟು ಮೊಸರನ್ನವೋ ತಿನ್ನಿಸಿ, ಒಂದು ಗಂಟೆ ಬಿಟ್ಟು ಇನ್ನೊಮ್ಮೆ ನೋಡಿ. ಗ್ಲಿಮೆಪಿರೈಡ್ ಗುಂಪಿನ ಮಾತ್ರೆಯ ಲೋ ಒಮ್ಮೆ ಏರಿ ಮತ್ತೆ ಇಳಿಯುತ್ತದೆ. ಕಿಡ್ನಿ ಸೊರಗಿದವರಲ್ಲಿ, ಅದರಲ್ಲೂ ಗ್ಲಿಬೆನ್‌ಕ್ಲಮೈಡ್ ನುಂಗುವವರಲ್ಲಿ, ಒಂದು ದಿನ ಪೂರ್ತಿ ಹೀಗೆ ಇಳಿಯುತ್ತ ಹೋಗಬಹುದು. ಅವರನ್ನು ಮನೆಯಲ್ಲಿ ಇಟ್ಟುಕೊಂಡು ಕಾಯಬಾರದು, ಆಸ್ಪತ್ರೆಗೆ ಸೇರಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಸುರಿಯಬೇಡಿ. ಸಕ್ಕರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಪಕ್ಕಕ್ಕೆ ಹೊರಳಿಸಿ 108ಕ್ಕೆ ಕರೆ ಮಾಡಿ.

ಬೆವರು ಬಾರದಿದ್ದರೂ ಮೂರು ರಾತ್ರಿ, ಎರಡರಿಂದ ಮೂರರ ನಡುವೆ ಎಬ್ಬಿಸಿ ನೋಡಿ. ಸಮಯ, ಸಂಖ್ಯೆ, ರಾತ್ರಿ ತಿಂದದ್ದು, ಮಾತ್ರೆ ನುಂಗಿದ ಹೊತ್ತು, ಸಂಜೆ ನಡೆದದ್ದು ಇದ್ದರೆ ಅದೂ ಒಂದು ನೋಟ್‌ಬುಕ್ಕಿನಲ್ಲಿ ಇರಲಿ. ಪಕ್ಕದಲ್ಲೇ ನಾಡಿಯನ್ನೂ ಬರೆಯಿರಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ಬಡಿತ ಒಂದೇ ಲಯದಲ್ಲಿದೆಯೋ, ತಪ್ಪಿ ತಪ್ಪಿ ಬರುತ್ತದೆಯೋ ಎಂಬುದು ಎಣಿಕೆಗಿಂತ ಮುಖ್ಯ. ಸಂಖ್ಯೆ 70ರ ಕೆಳಗೆ ಬಂದರೆ, ಮುಂದಿನ ಹೊತ್ತಿನ ಆ ಮೂರೂ ಸೇರಿದ ಮಾತ್ರೆ ನುಂಗಿಸುವ ಮೊದಲು ನಿಮ್ಮ ಡಾಕ್ಟರಿಗೆ ಫೋನು ಮಾಡಿ, ನೋಟ್‌ಬುಕ್ಕು ತೋರಿಸಿ. ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯೇಟಿನಿನ್ ಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತು? ಅದನ್ನೂ ಕೇಳಿ. ಗ್ಲಿಮೆಪಿರೈಡ್ ಇಳಿಸಿ ಸಿಟಾಗ್ಲಿಪ್ಟಿನ್, ಲಿನಾಗ್ಲಿಪ್ಟಿನ್ ತರಹದ, ತಾನಾಗಿ ಲೋ ಮಾಡುವುದು ಅಪರೂಪವಾದ ಔಷಧಿಗೆ ಬದಲಾಯಿಸುವ ದಾರಿ ಇದೆ. ಅರವತ್ತು ದಾಟಿ ಪದೇ ಪದೇ ಲೋ ಆಗುವವರಿಗೆ ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಶೇ 6.5ರಲ್ಲೇ ಇರಬೇಕೆಂಬ ಹಟ ನನಗೆ ಒಪ್ಪಿಗೆಯಿಲ್ಲ. ಪದೇ ಪದೇ ಲೋ ಆದವರಿಗೆ ಎಚ್ಚರಿಕೆಯ ಬೆವರೇ ನಿಂತುಹೋಗುತ್ತದೆ. ಎರಡು ಮೂರು ವಾರ ಒಂದೂ ಲೋ ಆಗದಂತೆ ನೋಡಿಕೊಂಡರೆ ಬಹುತೇಕರಲ್ಲಿ ಅದು ಮರಳುತ್ತದೆ.

ಇನ್ನು, ಬೆವರುವಾಗ ಸಂಖ್ಯೆ 150, 180 ಬಂದರೆ? ಆಗ ಮಾತು ಬೇರೆ, ಮೊದಲ ಹೆಸರು ಹೃದಯ. ಬಹುಕಾಲದ ಸಕ್ಕರೆ ಕಾಯಿಲೆಯಲ್ಲಿ ಹೃದಯಾಘಾತ ಎದೆನೋವೇ ಇಲ್ಲದೆ, ಬರೀ ಬೆವರು, ಉಬ್ಬಸ, ಸುಸ್ತಾಗಿಯೂ ಬರಬಹುದು. ಶುಗರ್ ಸರಿಯಾಗಿದ್ದೂ ಬೆವರು 15 ನಿಮಿಷಕ್ಕೆ ನಿಲ್ಲದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ, ಇಸಿಜಿ ಇರುವ ಆಸ್ಪತ್ರೆಗೆ ಹೋಗಿ. ಲಯ ತಪ್ಪಿದ ನಾಡಿಗೂ ಇಸಿಜಿ. ಸುಮ್ಮನೆ ಕೂತಾಗಲೂ ನಾಡಿ 100ರ ಮೇಲೇ ಇದ್ದರೆ ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಿ. ಎದ್ದು ನಿಂತಾಗ ಕಣ್ಣು ಕತ್ತಲೆ ಕಟ್ಟುವುದೂ ಜೊತೆಗಿದ್ದರೆ, ಮಲಗಿ ಒಮ್ಮೆ, ನಿಂತ ಮೂರು ನಿಮಿಷದೊಳಗೆ ಒಮ್ಮೆ ಬಿ.ಪಿ. ಅಳೆಸಿ. ಮೇಲಿನದು 20 ಇಳಿದರೆ ಹೃದಯ, ರಕ್ತನಾಳ ನಡೆಸುವ ನರಗಳಿಗೇ ಸಕ್ಕರೆ ಪೆಟ್ಟು ಕೊಟ್ಟಿರಬಹುದು. ಜೋರು ಗೊರಕೆ, ನಡುವೆ ಉಸಿರು ಕಟ್ಟುವುದು ಇದ್ದರೆ ನಿದ್ರೆಯ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಶುಗರ್ 300ರ ಮೇಲೆ. ಸಂಜೆ ಸಣ್ಣ ಜ್ವರ, ರಾತ್ರಿ ಹಾಸಿಗೆ ಒದ್ದೆಯಾಗುವ ಬೆವರು. ಎರಡು ತಿಂಗಳಲ್ಲಿ ಆರು ಕೆ.ಜಿ. ಇಳಿದಿದ್ದೇನೆ. ಶುಗರ್‌ಗೆ ತೂಕ ಇಳಿಯುತ್ತದೆ ಎನ್ನುತ್ತಾರಲ್ಲ? — ಓದುಗರು, ರಾಯಚೂರು

ಉತ್ತರ: ಇಳಿಯುತ್ತದೆ, ಆದರೆ ಜ್ವರ ಬರುವುದಿಲ್ಲ. ನಾಳೆಯೇ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಪರೀಕ್ಷೆ ಮಾಡಿಸಿ, ಕಫ ಕೊಡಿ, ಎದೆಯ ಎಕ್ಸ್‌ರೇ ತೆಗೆಸಿ. ಪರೀಕ್ಷೆ, ಔಷಧಿ ಎರಡೂ ಉಚಿತ. ಸಕ್ಕರೆ ಕಾಯಿಲೆ ಇರುವವರಿಗೆ ಕ್ಷಯ ತಗಲುವ ಸಾಧ್ಯತೆ ಇಲ್ಲದವರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಅವರಲ್ಲಿ ಅದು ಶ್ವಾಸಕೋಶದ ಕೆಳಭಾಗದಲ್ಲೂ ಕಾಣಿಸಿಕೊಳ್ಳುವುದರಿಂದ ಎಕ್ಸ್‌ರೇಯನ್ನು ನ್ಯುಮೋನಿಯಾ ಎಂದು ಓದಿಬಿಡುವುದುಂಟು. ಶುಗರ್ ಇದೆ ಎಂದು ಬಾಯಿಬಿಟ್ಟು ಹೇಳಿ. ಕ್ಷಯದ ಔಷಧಿ ರಿಫಾಂಪಿಸಿನ್ ಹಲವು ಶುಗರ್ ಮಾತ್ರೆಗಳ ಬಲ ಕುಗ್ಗಿಸುತ್ತದೆ, ಆ ತಿಂಗಳುಗಳಲ್ಲಿ ಇನ್ಸುಲಿನ್ ಬೇಕಾದರೆ ಹಿಂಜರಿಯಬೇಡಿ.

ಪ್ರಶ್ನೆ: ಬೆವರಿದಷ್ಟೂ ದೇಹದ ಸಕ್ಕರೆ ಹೊರಹೋಗುತ್ತದೆಯೇ?

ಉತ್ತರ: ಇಲ್ಲ.

ಪ್ರಶ್ನೆ: ಸಂಕಷ್ಟಿಯ ದಿನ ಚಂದ್ರ ಕಾಣುವವರೆಗೆ ಉಪವಾಸ, ಮಾತ್ರೆ ತಪ್ಪಿಸುವುದಿಲ್ಲ. ಸಂಜೆ ಹೊತ್ತಿಗೆ ಬೆವರು, ನಡುಕ.

ಉತ್ತರ: ಗ್ಲಿಮೆಪಿರೈಡ್ ನುಂಗಿ ಉಪವಾಸ ಕೂರುವುದು ಅಪಾಯ. ಉಪವಾಸಕ್ಕೆ ಒಂದು ವಾರ ಮೊದಲೇ ಆ ದಿನದ ಮಾತ್ರೆ ಹೇಗೆಂದು ನಿಮ್ಮ ಡಾಕ್ಟರಲ್ಲಿ ಕೇಳಿ ಬರೆಸಿಕೊಳ್ಳಿ. ನಡುವೆ 70ಕ್ಕೆ ಇಳಿದರೆ ಉಪವಾಸ ಅಲ್ಲಿಗೇ ಮುಗಿಯಬೇಕು. ರಂಜಾನ್ ಉಪವಾಸದವರಿಗೂ ಇದೇ ಮಾತು.

ಪ್ರಶ್ನೆ: ಮಲಗಿದಾಗ ಹೊಕ್ಕುಳ ಮೇಲೆ ಮಿಡಿತ. ಹೊಕ್ಕುಳ ಸರಿದಿದೆ ಎಂದು ತಿಕ್ಕಿಸಿಕೊಂಡೆ, ಹೋಗಲಿಲ್ಲ.

ಉತ್ತರ: ಹೊಕ್ಕುಳ ಎಲ್ಲಿಗೂ ಸರಿಯುವುದಿಲ್ಲ. ತೆಳ್ಳಗಿನವರಿಗೆ ಬೆನ್ನಿನ ಮುಂದೆ ಹರಿಯುವ ಮಹಾಧಮನಿಯ ಬಡಿತ ಹಾಗೇ ತಿಳಿಯುತ್ತದೆ. 65 ದಾಟಿದ, ಬೀಡಿ ಸಿಗರೇಟು ಸೇದಿದವರಾದರೆ ಒಂದು ಹೊಟ್ಟೆ ಸ್ಕ್ಯಾನ್ ಮಾಡಿಸಿ, ಧಮನಿ ಉಬ್ಬಿದೆಯೇ ತಿಳಿಯುತ್ತದೆ. ಅಲ್ಲಿಯವರೆಗೆ ಯಾರ ಕೈಯಲ್ಲೂ ಹೊಟ್ಟೆ ತಿಕ್ಕಿಸಬೇಡಿ.

ಪ್ರಶ್ನೆ: ತೋಳಿಗೆ ಅಂಟಿಸಿದ ಶುಗರ್ ಸೆನ್ಸರ್ ರಾತ್ರಿ 52 ಎಂದು ಕೂಗುತ್ತದೆ. ನನಗೆ ಬೆವರೂ ಇಲ್ಲ, ಏನೂ ಇಲ್ಲ.

ಉತ್ತರ: ಆ ತೋಳಿನ ಮೇಲೇ ಮಲಗಿದ್ದಿರಾ? ಒತ್ತಿದಾಗ ಸೆನ್ಸರ್ ಸುಳ್ಳು ಲೋ ತೋರಿಸುತ್ತದೆ. ಹೊರಳಿ, ಬೆರಳು ಚುಚ್ಚಿ ತಾಳೆ ನೋಡಿ. ಬೆರಳೂ ಲೋ ಎಂದರೆ, ಬೆವರು ಬಾರದಿರುವುದೇ ಹೆಚ್ಚು ಚಿಂತೆಯ ವಿಷಯ.

ಪ್ರಶ್ನೆ: ಗಿಡಮೂಲಿಕೆ ಪುಡಿಯಿಂದ ಶುಗರ್ ಹದಿನೈದು ದಿನದಲ್ಲಿ 280ರಿಂದ 110 ಆಯಿತು. ಆದರೆ ರಾತ್ರಿ ಬೆವರು, ಎದೆ ಹೊಡೆತ.

ಉತ್ತರ: ಪುಡಿ ಇಂದೇ ನಿಲ್ಲಿಸಿ, ಡಬ್ಬಿ ಎಸೆಯಬೇಡಿ, ಡಾಕ್ಟರಿಗೆ ತೋರಿಸಿ. ಬರೀ ಬೇರು, ಎಲೆಗೆ ಇಷ್ಟು ವೇಗ ಇಲ್ಲ. ಶುಗರ್ ಮಾತ್ರೆಯನ್ನೇ ಅರೆದು ಬೆರೆಸಿದ 'ಗಿಡಮೂಲಿಕೆ' ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿದೆ. 2008ರಲ್ಲಿ ಸಿಂಗಪುರದಲ್ಲಿ ಗ್ಲಿಬೆನ್‌ಕ್ಲಮೈಡ್ ಬೆರೆತ ಕಳ್ಳಮಾಲಿನ ಲೈಂಗಿಕ ಶಕ್ತಿಯ ಮಾತ್ರೆ ನುಂಗಿ, ಶುಗರ್ ಕಾಯಿಲೆಯೇ ಇಲ್ಲದ ನೂರಕ್ಕೂ ಹೆಚ್ಚು ಮಂದಿ ತೀವ್ರ ಲೋ ಆಗಿ ಆಸ್ಪತ್ರೆ ಸೇರಿದರು. ನಾಲ್ವರು ತೀರಿಕೊಂಡರು. ಎಷ್ಟು ಮಿಲಿಗ್ರಾಂ ಬೆರೆಸಿದ್ದಾನೆಂದು ಮಾರುವವನಿಗೂ ಗೊತ್ತಿರುವುದಿಲ್ಲ. ಇಂಥವರನ್ನು ವೈದ್ಯರೆಂದು ಕರೆಯಬೇಡಿ.

ಪ್ರಶ್ನೆ: ಅಪ್ಪನಿಗೆ ರಾತ್ರಿ 16 ಯೂನಿಟ್ ಇನ್ಸುಲಿನ್. ಇನ್ಸುಲಿನ್ ಚುಚ್ಚುವ ಪೆನ್ ಕೆಟ್ಟಿತೆಂದು ಅದರೊಳಗಿನ ಕಾರ್ಟ್ರಿಜ್‌ನಿಂದಲೇ ಸಿರಿಂಜಿಗೆ ಎಳೆದು ಕೊಡುತ್ತಿದ್ದೇವೆ. ಎರಡು ರಾತ್ರಿಯಿಂದ ಮೈಯೆಲ್ಲ ಬೆವರು, ಮಾತಿಗೆ ಉತ್ತರ ಇಲ್ಲ. — ಓದುಗರು, ಹಾಸನ

ಉತ್ತರ: ಪತ್ರದ ಉತ್ತರಕ್ಕೆ ಕಾಯುವ ವಿಷಯವೇ ಅಲ್ಲ ಇದು, ಆಸ್ಪತ್ರೆಗೆ ಓಡಬೇಕಾದದ್ದು. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್, ಪೆನ್ನಿನ ಕಾರ್ಟ್ರಿಜ್‌ನಲ್ಲಿ 100. ಕೆಂಪು ಮುಚ್ಚಳದ ಸಿರಿಂಜಿನ ಗೆರೆಗಳು 40ರ ಲೆಕ್ಕಕ್ಕೆ, ಕಿತ್ತಳೆ ಮುಚ್ಚಳದ್ದು 100ರ ಲೆಕ್ಕಕ್ಕೆ. ಕಾರ್ಟ್ರಿಜ್ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 16ರ ಗೆರೆಗೆ ಎಳೆದರೆ ಒಳಗೆ ಹೋಗುವುದು 16 ಅಲ್ಲ, 40 ಯೂನಿಟ್. ತಿರುವುಮುರುವಾದರೆ, ಅಂದರೆ ಬಾಟಲಿಯದನ್ನು ಕಿತ್ತಳೆ ಮುಚ್ಚಳದ್ದರಲ್ಲಿ ಎಳೆದರೆ, ಬರೀ 6.4 ಯೂನಿಟ್ ಹೋಗಿ ಶುಗರ್ ಏರುತ್ತದೆ. ಬಾಟಲಿಯ ಮೇಲೆ ಮಿಲಿಲೀಟರಿಗೆ ಎಷ್ಟು ಯೂನಿಟ್ ಎಂದು ಬರೆದಿರುವುದನ್ನು ಸಿರಿಂಜಿನ ಮೇಲಿನ ಸಂಖ್ಯೆಗೆ ಹೊಂದಿಸಿ ನೋಡದೆ ಚುಚ್ಚಬೇಡಿ. ಕಾರ್ಟ್ರಿಜ್‌ನಿಂದ ಸಿರಿಂಜಿಗೆ ಎಳೆಯುವ ಅಭ್ಯಾಸವನ್ನೇ ಬಿಡಿ. ಮನೆಯಲ್ಲಿ ಒಂದು ಪೆನ್ ಹೆಚ್ಚಿಗೆ ಇರಲಿ, ಕೆಂಪು ಮುಚ್ಚಳದ ಸಿರಿಂಜುಗಳನ್ನು ಮನೆಯಿಂದ ಹೊರಹಾಕಿ.